ನಾಲ್ಕೂ ಚಕ್ರ ಎಳೆಯಬೇಕು

– ಮಾವ, ಒಂದು ಜಿಪ್ಸಿ ನೋಡಿ ಬಂದೆ. 2012ರದು. ಮುಂದೆ ದಪ್ಪ ಕಬ್ಬಿಣದ ಬಂಪರ್, ಪಕ್ಕದಲ್ಲಿ ಸ್ನಾರ್ಕೆಲ್, ತಲೆ ಮೇಲೆ ಲೈಟಿನ ಸಾಲು, ನೆಲದಿಂದ ಇಷ್ಟೆತ್ತರ ನಿಂತಿದೆ. ನಾಲ್ಕು ಮುಕ್ಕಾಲು ಲಕ್ಷ ಹೇಳ್ತಾರೆ. ನನ್ನ ಹತ್ರ ಇರೋದು ಒಟ್ಟು ಐದು.

– ಕೆಳಗೆ ನುಗ್ಗಿ ನೋಡಿದ್ಯಾ?

– ಯಾವುದರ ಕೆಳಗೆ?

– ಗಾಡಿ ಕೆಳಗೆ ಮಾರಾಯ್ತಿ. ನೀನು ಹೇಳಿದ್ದೆಲ್ಲ ನಿಂತ್ಕೊಂಡು ಕಾಣೋ ಸಾಮಾನು. ಫೋರ್ ವೀಲ್ ಗಾಡಿಗೆ ದುಡ್ಡು ಕೊಡೋದು ಮಲಗಿ ನೋಡಿದ್ರೆ ಕಾಣೋ ಸಾಮಾನಿಗೆ. ಹಿಂದೊಂದು ಹೌಸಿಂಗ್, ಮುಂದೊಂದು ಹೌಸಿಂಗ್, ನಡುವೆ ಟ್ರಾನ್ಸ್‌ಫರ್ ಕೇಸು, ಅದರಿಂದ ಹಿಂದಕ್ಕೂ ಮುಂದಕ್ಕೂ ಪ್ರೊಪೆಲ್ಲರ್ ಶಾಫ್ಟು. ಮಾಮೂಲಿ ಕಾರಿಗಿಂತ ಅರ್ಧ ಗಾಡಿಯಷ್ಟು ಜಾಸ್ತಿ ಯಂತ್ರ ಇರುತ್ತೆ ಅಲ್ಲಿ, ಅರ್ಧ ಗಾಡಿಯಷ್ಟು ಜಾಸ್ತಿ ಸವೆಯುತ್ತೆ. ಬಂಪರ್ ನೋಡಿ ದುಡ್ಡು ಕೊಟ್ಟವರಿಗೆ ಮೊದಲ ಮಳೆಗಾಲದಲ್ಲಿ ಅದು ಗೊತ್ತಾಗೋದು. ಅದಿರ್ಲಿ, ಮೊದಲು ಇದು ಹೇಳು. ಓಡಿಸೋದು ಎಲ್ಲಿ?

– ಗೊತ್ತಿಲ್ವಾ ನಿಮಗೆ? ಗೇಟಿಂದ ಮನೆವರೆಗೆ ಎರಡು ಕಿಲೋಮೀಟರ್ ಮಣ್ಣು. ಕೊನೆಯ ಏರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಬೂನು ಇದ್ದ ಹಾಗೆ. ಅದರ ಮೇಲೆ ಅಮ್ಮನ್ನ ಮಂಗಳೂರಿಗೆ ಕರ್ಕೊಂಡು ಹೋಗಬೇಕು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು. ವಾರಕ್ಕೊಮ್ಮೆ ಮೂಡಿಗೆರೆ ಸಂತೆ. ನನ್ನ ಸಣ್ಣ ಕಾರು ಮಳೆಗಾಲದಲ್ಲಿ ಗೇಟಿನ ಹತ್ರಾನೇ ಟಾರ್ಪಾಲ್ ಹೊದ್ದು ನಿಂತಿರುತ್ತೆ.

– ಅಂದ್ರೆ ನೂರು ಕಿಲೋಮೀಟರಲ್ಲಿ ತೊಂಬತ್ತೈದು ಡಾಂಬರು. ಒಂದು ಹಳೇ ಟು ವೀಲ್ ಜೀಪು ತಗೊಂಡು ಹಿಂದಿನ ಚಕ್ರಕ್ಕೆ ಚೈನ್ ಕಟ್ಟು. ಮಲೆನಾಡಲ್ಲಿ ಅರ್ಧ ತೋಟ ನಡೆದಿದ್ದೇ ಹಾಗೆ. ಚೈನನ್ನ ಏಣಿ ಥರ ನೆಲಕ್ಕೆ ಹಾಸೋದು, ಮೇಲೆ ಗಾಡಿ ಹತ್ತಿಸೋದು, ಸುತ್ತಿ ಕೊಕ್ಕೆ ಸಿಕ್ಕಿಸೋದು, ಹಳೇ ಟ್ಯೂಬ್ ಸೀಳಿ ಬಿಗಿದು ಕಟ್ಟೋದು. ಆಮೇಲೆ ಎಂಥ ಏರಾದ್ರೂ ಕಚ್ಕೊಂಡು ಹೋಗುತ್ತೆ.

– ಡಾಂಬರು ಬಂದ ತಕ್ಷಣ ಬಿಚ್ಚಬೇಕು. ವಾಪಸ್ ಬರುವಾಗ ಮತ್ತೆ ಕಟ್ಟಬೇಕು. ರಾತ್ರಿ ಎಂಟು ಗಂಟೆ, ಜಡಿಮಳೆ, ಒಳಗೆ ಸೊಂಟ ನೋವಿನ ಅಮ್ಮ, ಕೆಸರಲ್ಲಿ ಮಂಡಿಯೂರಿ ಚೈನ್ ಕಟ್ಟೋಳು ನಾನು. ನಿಮಗೆ ಯಾವಾಗಲೂ ಪಕ್ಕದಲ್ಲಿ ಒಬ್ಬ ಆಳು ಇರ್ತಿದ್ದ ಮಾವ.

– ಹೂಂ. ಅದು ಸರಿ. ಚೈನ್ ಬೇಡ.

– ಅದಕ್ಕೇ ಜಿಪ್ಸಿ. ಮಿಲಿಟರಿಯವರೇ ಅಷ್ಟು ವರ್ಷ ಓಡಿಸಿದಾರೆ.

– ಗಾಡಿಯಲ್ಲಿ ನನ್ನ ತಕರಾರಿಲ್ಲ. 1985ರಲ್ಲಿ ಬಂದಿದ್ದು, ಆಗ ಒಂದು ಲೀಟರಿನ ಸಣ್ಣ ಎಂಜಿನ್. 1996ರಲ್ಲಿ ಕಿಂಗ್ ಅಂತ 1.3 ಲೀಟರಿಂದು ಬಂತು, 2000ದಲ್ಲಿ ಅದಕ್ಕೇ ಎಂಪಿಎಫ್‌ಐ ಹಾಕಿ 80 ಕುದುರೆ ಮಾಡಿದ್ರು. ತೂಕ ಒಂದು ಟನ್ನಿನ ಆಸುಪಾಸು. ಕೆಸರಲ್ಲಿ ಅರ್ಧ ಗೆಲುವು ಆ ತೂಕದ್ದೇ. ದಪ್ಪ ಗಾಡಿಗಳು ಹೂತು ಕೂತಲ್ಲಿ ಅದು ಮೇಲೇ ತೇಲಿ ಹೋಗುತ್ತೆ. ಆದ್ರೆ ಅದರಲ್ಲಿ ಪವರ್ ಸ್ಟೇರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಏಸಿ ಬೇಕಂದ್ರೆ ಹೊರಗೆ ಹಾಕಿಸಬೇಕು. ಮುಂದೆ ಹಿಂದೆ ಎರಡೂ ಕಡೆ ಪ್ಲೇಟಿನ ಸ್ಪ್ರಿಂಗು. ಅದರಲ್ಲಿ ನಿಮ್ಮಮ್ಮನ್ನ ಮಂಗಳೂರಿಗೆ ಕರ್ಕೊಂಡು ಹೋದ್ರೆ ಸೊಂಟಕ್ಕೆ ಒಬ್ಬ ಡಾಕ್ಟ್ರು ಸಾಲೋದಿಲ್ಲ.

– ನಿಮ್ಮ 540 ಜೀಪು ಸೋಫಾನಾ?

– ನನ್ನ ಜೀಪಿನ ವಿಷಯ ಬಿಡು. ಅದು ತೋಟದ ಗೇಟು ದಾಟಿ ಎಷ್ಟು ವರ್ಷ ಆಯ್ತು! ಈಗ ಚಾರ್ಮಾಡಿಯ ಮಾತಿಗೆ ಬಾ. ಜಿಪ್ಸಿ, ನಮ್ಮ ಜೀಪು, ಹಳೇ ಥಾರ್, ಎಲ್ಲದರಲ್ಲೂ ಫೋರ್ ಹಾಕಿದ ತಕ್ಷಣ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗೋ ಹಾಗೆ ಬೆಸೆದುಕೊಂಡುಬಿಡುತ್ತೆ. ತಿರುವಲ್ಲಿ ಮುಂದಿನ ಚಕ್ರ ಹೋಗೋ ದಾರಿ ಉದ್ದ, ಹಿಂದಿಂದು ಗಿಡ್ಡ. ಮಣ್ಣಲ್ಲಾದ್ರೆ ಟೈರು ಚೂರು ಜಾರಿ ಲೆಕ್ಕ ಸರಿಮಾಡ್ಕೊಳ್ಳುತ್ತೆ. ಡಾಂಬರಲ್ಲಿ ಜಾರೋಕೆ ಜಾಗ ಇಲ್ಲ. ಸ್ಟೇರಿಂಗ್ ಬಿಗಿಯಾಗುತ್ತೆ, ಗಾಡಿ ಹಿಡಿದು ನಿಲ್ಲಿಸಿದ ಹಾಗೆ ಮುಕ್ಕುತ್ತೆ, ಫೋರ್ ತೆಗೆಯೋಣ ಅಂದ್ರೆ ಲಿವರ್ ಬರೋದಿಲ್ಲ. ಜಾಯಿಂಟು, ಗೇರು, ಎಲ್ಲದಕ್ಕೂ ಪೆಟ್ಟು.

– ಅಂದ್ರೆ ಘಾಟಿಯಲ್ಲಿ ಅದು ಟು ವೀಲ್ ಗಾಡಿಯೇ.

– ಟು ವೀಲೇ. ಹಗುರ ಹಿಂಭಾಗದ, ಗಿಡ್ಡ ಗಾಡಿ ಬೇರೆ. ಮಳೆಯಲ್ಲಿ ತಿರುವಲ್ಲಿ ಗ್ಯಾಸ್ ಒತ್ತಿದ್ರೆ ಹಿಂದಿನ ಚಕ್ರ ಬಾಲ ಆಡಿಸುತ್ತೆ. ನಿನಗೆ ನಾಲ್ಕೂ ಚಕ್ರದ ಎಳೆತ ಬೇಕಾದ ತೊಂಬತ್ತೈದು ಕಿಲೋಮೀಟರಲ್ಲಿ ಅದು ಸಿಗೋದಿಲ್ಲ, ಉಳಿದ ಐದರಲ್ಲಿ ಸಿಗುತ್ತೆ. ಆಲ್ ವೀಲ್ ಡ್ರೈವ್ ಅಂತ ಮಾಡಿದ್ದೇ ಈ ತೊಂದರೆಗೆ. ಡಸ್ಟರ್ ನೋಡು, 2014ರ ಕೊನೆಗೆ ಇಲ್ಲಿ ಬಂದ ಎಡಬ್ಲ್ಯೂಡಿ. ಮಾಮೂಲಿಯಾಗಿ ಮುಂದಿನ ಚಕ್ರ ಎಳೆಯುತ್ತೆ, ಅದು ಜಾರ್ತಾ ಇದೆ ಅಂತ ಕಂಪ್ಯೂಟರಿಗೆ ಗೊತ್ತಾದ ಕೂಡಲೇ ಹಿಂದಿನ ಹೌಸಿಂಗ್ ಮುಂದಿರೋ ಕಪ್ಲಿಂಗ್ ಹಿಡಿದು ಹಿಂದಕ್ಕೂ ಬಲ ಕಳಿಸುತ್ತೆ. ಡಾಂಬರಲ್ಲಿ ತಿರುವಲ್ಲಿ ಅದೇ ಸಡಿಲ ಬಿಡುತ್ತೆ. ನೀನು ಏನೂ ಮಾಡಬೇಕಾಗಿಲ್ಲ.

– ಅದು ಕಾರಲ್ವಾ ಮಾವ? ನಮ್ಮ ಏರು ಹತ್ತುತ್ತಾ?

– ಹತ್ತುತ್ತೆ, ಟೈರ್ ಸರಿ ಇದ್ರೆ. ಮೂರು ಸ್ಥಾನದ ಒಂದು ಗುಂಡಿ ಇರುತ್ತೆ, ಟು ವೀಲ್, ಆಟೋ, ಲಾಕ್. ಏರಿನ ಬುಡದಲ್ಲಿ ಲಾಕ್ ಹಾಕು, ಟಾರಿಗೆ ಬಂದ್ರೆ ಆಟೋ. ಆರು ಗೇರಿದೆ, ಮೊದಲನೇದನ್ನ ಬೇಕಂತಲೇ ತುಂಬಾ ನಿಧಾನ ಇಟ್ಟಿದಾರೆ, ಜೀಪಿನ ಥರ ಲೋ ಗೇರು ಇಲ್ಲದ ಕೊರತೆ ತುಂಬೋಕೆ. ಆದ್ರೆ ಲೋ ಇಲ್ಲ ಅನ್ನೋದು ಇಲ್ಲವೇ. ಜಿಪ್ಸಿಯಲ್ಲಿ ಲೋ ಹಾಕಿದ್ರೆ ಹೈಗಿಂತ ಒಂದೂವರೆ ಪಟ್ಟಿಗಿಂತ ಜಾಸ್ತಿ ಬಲ, ಅಷ್ಟೇ ನಿಧಾನ. ಇಳಿಜಾರಲ್ಲಿ ಬ್ರೇಕ್ ಮುಟ್ಟದೆ ನಡ್ಕೊಂಡು ಇಳಿದ ಹಾಗೆ ಇಳಿಯುತ್ತೆ. ಡಸ್ಟರಲ್ಲಿ ಹಾಗಾಗೋದಿಲ್ಲ. ಹೂತು ಹೋದಾಗ ಸುಮ್ಮನೆ ಗ್ಯಾಸ್ ಕೊಟ್ಟು ಚಕ್ರ ತಿರುಗಿಸ್ತಾ ಕೂತ್ರೆ ಆ ಕಪ್ಲಿಂಗ್ ಬಿಸಿಯಾಗಿ ತನ್ನನ್ನ ಉಳಿಸ್ಕೊಳ್ಳೋಕೆ ಹಿಂದಿನ ಚಕ್ರದ ಸಂಬಂಧ ಬಿಟ್ಟುಬಿಡುತ್ತೆ. ಕೊಡಚಾದ್ರಿ ಮೇಲೆ ಬಾಡಿಗೆ ಹೊಡೆಯೋ ಜೀಪಿನವರ ದಾರಿಗೆ ಅದು ಬೇಡ. ನಿನ್ನ ದಾರಿಗೆ ಸಾಕು.

– ಥಾರ್?

– 2010ರಿಂದ 2020ರವರೆಗಿನ ಹಳೇ ಥಾರ್ ಒಳ್ಳೇದೇ. ಸಿಆರ್‌ಡಿಇ ಎಂಜಿನ್, ಲೋ ಗೇರು ಎಲ್ಲಾ ಇದೆ. ಆದ್ರೆ ಅದಕ್ಕೆ ಆಸೆಬುರುಕರು ಜಾಸ್ತಿ, ರೇಟು ಇಳಿಯೋದೇ ಇಲ್ಲ. ಐದು ಲಕ್ಷಕ್ಕೆ ಸಿಗೋದು ಯಾರೋ ಚೆನ್ನಾಗಿ ಬಜಾಯಿಸಿ ಬಿಟ್ಟಿದ್ದು.

– ದೆಹಲಿಯಿಂದ ತರಿಸೋದು ಅಗ್ಗ ಅಂತಾರಲ್ಲ? ಅಲ್ಲಿ ಡೀಸೆಲ್ ಗಾಡಿಗೆ ಹತ್ತೇ ವರ್ಷ, ಕೊಟ್ಟುಬಿಡ್ತಾರೆ ಅಂತ ಹೇಳಿದ್ರು ಒಬ್ಬರು.

– ಹೇಳಿದವರು ಬ್ರೋಕರೇ ಇರಬೇಕು. ಗಾಡಿ ಅಗ್ಗ ಹೌದು. ಅಲ್ಲಿಂದ ಎನ್‌ಒಸಿ ತರಬೇಕು, ಸಾಲ ಇದ್ರೆ ಬ್ಯಾಂಕಿಂದು ತೀರಿಸಿದ ಕಾಗದ, ಇಲ್ಲಿ ಬಂದು ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಹೊಸ ನಂಬರ್ ತಗೋಬೇಕು. ಅಗ್ಗ ಅನ್ನೋದರಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತೆ. ಆ ಗಾಡಿಯ ಹಿಂದಿನ ಚರಿತ್ರೆ ಕೇಳೋಕೆ ಪರಿಚಯದ ಗ್ಯಾರೇಜೂ ಇಲ್ಲ. ಕೆಎ ನಂಬರಿಂದೇ ನೋಡು. ಕೆಎ-18 ಆದ್ರೆ ಯಾರ ಮನೇಲಿತ್ತು ಅಂತ ನಾನೇ ಹೇಳ್ತೀನಿ.

– ನಾನು ನೋಡಿದ ಜಿಪ್ಸಿ ಮಿಲಿಟರಿ ಹರಾಜಲ್ಲಿ ಬಂದಿದ್ದಂತೆ. ಬಣ್ಣವೂ ಅದೇ ಹಸಿರು.

– ಅದನ್ನ ಈಗ ಹೇಳ್ತಾ ಇದೀಯಲ್ಲ! ಆ ಆಲಿವ್ ಹಸಿರು ರಕ್ಷಣಾ ಇಲಾಖೆ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಬಳಿಯೋ ಹಾಗಿಲ್ಲ, ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಅಂದ್ರೆ ತಗೊಂಡ ಮಾರನೇ ದಿನ ಬಣ್ಣಕ್ಕೆ ದುಡ್ಡು, ಆರ್‌ಸಿಯಲ್ಲಿ ಬಣ್ಣ ಬದಲಾಯಿಸೋಕೆ ಓಡಾಟ. ಹರಾಜಿನ ಗಾಡಿ ತಪ್ಪಲ್ಲ, ಹರಾಜಿನ ಕಾಗದ ಕೈಲಿರಬೇಕು. ಆರ್‌ಸಿಯಲ್ಲಿರೋ ಚಾಸಿ ನಂಬರೂ ಚಾಸಿ ಮೇಲೆ ಹೊಡೆದಿರೋ ನಂಬರೂ ಒಂದೊಂದಕ್ಷರ ತಾಳೆ ಆಗಬೇಕು. ಆ ಜಾಗದಲ್ಲಿ ಹೊಸದಾಗಿ ಗ್ರೈಂಡ್ ಮಾಡಿದ ಗುರುತು, ಹಸಿ ಪೇಂಟು ಕಂಡ್ರೆ ಟೀನೂ ಕುಡಿಯದೆ ಎದ್ದು ಬಾ.

– ಸರ್ಕಾರದ ವಾಹನ್ ಪೋರ್ಟಲಲ್ಲಿ ನೋಡಿದೆ. ಮಾಲೀಕರು ಎಷ್ಟನೆಯವರು, ಸಾಲ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಅಷ್ಟೂ ಬರುತ್ತೆ. ಆರ್‌ಸಿ 2027ಕ್ಕೆ ಮುಗಿಯುತ್ತೆ.

– ಹದಿನೈದು ವರ್ಷ ಆಗುತ್ತಲ್ಲ, ಅದಕ್ಕೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಫೀಸೂ ಏರಿದೆ. ಅಲ್ಲಿ ಇನ್ನೊಂದು ತೊಡಕಿದೆ. ಎಫ್‌ಸಿಗೆ ಹೋದಾಗ ಇನ್ಸ್‌ಪೆಕ್ಟರ್ ಆ ಬಂಪರ್, ಲೈಟು ನೋಡ್ತಾನೆ. ಆರ್‌ಸಿಯಲ್ಲಿ ಬರೆದಿದ್ದಕ್ಕೂ ಎದುರಿಗಿರೋ ಗಾಡಿಗೂ ತಾಳೆ ಇರಬೇಕು ಅನ್ನೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲು ಅಂತ ಸೇರಿಸಿದಾರೆ. ಆ ಕಬ್ಬಿಣದ ಬಂಪರ್ ಬೇಡ ಅಂತ 2017ರ ಡಿಸೆಂಬರಲ್ಲೇ ಕೇಂದ್ರದಿಂದ ಸುತ್ತೋಲೆ ಬಂದಿತ್ತು.

– ಊರಲ್ಲಿ ಎಲ್ಲರೂ ಹಾಕಿದಾರಲ್ಲ?

– ಹಾಕಿದಾರೆ. ಪೊಲೀಸರು ಹಿಡಿಯೋದಕ್ಕಿಂತ ನನಗೆ ಹೆದರಿಕೆ ಇನ್ಶೂರೆನ್ಸಿನವರದ್ದು. ಆಕ್ಸಿಡೆಂಟ್ ಆದ ದಿನ ಅವರು ಮೊದಲು ಹುಡುಕೋದು ಕ್ಲೇಮ್ ಕೊಡದೇ ಇರೋಕೆ ಒಂದು ಕಾರಣ. ಅದನ್ನ ನೀನೇ ಬೋಲ್ಟ್ ಹಾಕಿ ಬಿಗಿದು ಕೊಟ್ಟಿರ್ತೀಯ. ಏರ್‌ಬ್ಯಾಗ್ ಇರೋ ಗಾಡಿಗಂತೂ ಅದು ಬೇಡವೇ ಬೇಡ. ಎದುರಿಂದ ಬಿದ್ದ ಪೆಟ್ಟು ಸೆನ್ಸರಿಗೆ ತಲುಪೋ ರೀತಿಯೇ ಬದಲಾಗುತ್ತೆ.

– ಆಯ್ತು, ಹಸಿರು ಜಿಪ್ಸಿ ಬಿಟ್ಟೆ. ಮೂಡಿಗೆರೆಯಲ್ಲೇ ಒಂದು ಡಸ್ಟರ್ ಇದೆ, 2016ರದು, ಎಡಬ್ಲ್ಯೂಡಿ. ಒಬ್ಬರೇ ಮಾಲೀಕರು. ನಾಲ್ಕೂವರೆ ಹೇಳ್ತಾರೆ. ಅದನ್ನ ನೋಡೋಕೆ ಹೋದ್ರೆ ಏನೇನು ನೋಡಬೇಕು ಹೇಳಿ. ಬರ್ಕೋತೀನಿ.

– ಬರ್ಕೋಬೇಡ, ಒಂದು ಚಾಪೆ, ಒಂದು ಟಾರ್ಚು, ಫ್ರಿಜ್ಜಿಗೆ ಅಂಟಿಸೋ ಅಯಸ್ಕಾಂತ ತಗೊಂಡು ಬಾ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಚಕ್ರದ ಕಮಾನಿನ ಸುತ್ತ ಎಳೀತಾ ಹೋಗು. ಎಲ್ಲಿ ಹಿಡಿಯೋದಿಲ್ಲವೋ ಅಲ್ಲಿ ಪೇಂಟಿನ ಕೆಳಗೆ ಪುಟ್ಟಿ ಇದೆ. ಪುಟ್ಟಿ ಇದ್ದಲ್ಲಿ ಒಂದು ಕಥೆ ಇದೆ, ಆ ಕಥೆ ಕೇಳು. ಬೈಕ್ ತಾಗಿದ್ದು ಅಂದ್ರೆ ಪರವಾಗಿಲ್ಲ. ಹೇಳೋಕೆ ತಡವರಿಸಿದ್ರೆ ಕೆಳಗೆ ಮಲಗಿ ಒಳಗಿನ ಮೆಂಬರ್ ನೋಡು, ಬೆಸುಗೆ ಹಾಕಿದ ಗಂಟು ಇದೆಯಾ, ಎರಡು ಕಡೆ ಒಂದೇ ಥರ ಇದೆಯಾ ಅಂತ. ಗಾಡಿ ಕರಾವಳಿಯಲ್ಲಿ ಇದ್ದಿದ್ದಾ ಕೇಳು. ಉಪ್ಪುಗಾಳಿ ಕುಡಿದ ಗಾಡಿ ಹೊರಗಿಂದ ಹೊಳೀತಾ ಇದ್ರೂ ಒಳಗಿಂದ ಹಪ್ಪಳ.

– ಎಡಬ್ಲ್ಯೂಡಿ ಕೆಲಸ ಮಾಡ್ತಾ ಇದೆ ಅಂತ ಹೇಗೆ ಗೊತ್ತಾಗೋದು? ಜಿಪ್ಸಿಗೆ ನೀವು ಜಾಕ್ ಹಾಕಿ ನೋಡ್ತಿದ್ರಲ್ಲ.

– ಅದು ಹಳೇ ಥರದ ಫೋರ್ ವೀಲಿಗೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದೇ ಚಕ್ರ ಎತ್ತಿ ಕೈಯಿಂದ ತಿರುಗಿಸು. ಟು ವೀಲಲ್ಲಿ ಸಲೀಸಾಗಿ ತಿರುಗುತ್ತೆ. ಹಬ್ ಲಾಕ್ ಮಾಡಿ ಫೋರ್ ಹಾಕಿದ್ರೆ ಚೂರು ಆಡಿ ನಿಂತುಬಿಡಬೇಕು. ಆಗಲೂ ತಿರುಗಿದ್ರೆ ಹಬ್ ಹೋಗಿದೆ, ಇಲ್ಲಾ ಒಳಗೆ ಶಾಫ್ಟ್ ಮುರಿದಿದೆ, ಇಲ್ಲಾ ಟ್ರಾನ್ಸ್‌ಫರ್ ಕೇಸ್ ಹಿಡೀತಾ ಇಲ್ಲ. ಎಷ್ಟೋ ಗಾಡಿಯಲ್ಲಿ ಮುಂದಿನ ಶಾಫ್ಟ್ ಬಿಚ್ಚಿ ಸೀಟಿನ ಕೆಳಗಿಟ್ಟು ಫೋರ್ ವೀಲ್ ಅಂತ ಮಾರ್ತಾರೆ! ಡಸ್ಟರಿಗೆ ಹಾಗೆ ಆಗೋದಿಲ್ಲ, ಕಪ್ಲಿಂಗ್ ಕರೆಂಟಿಂದ ಹಿಡಿಯೋದು. ಅದನ್ನ ಕೆಸರಿನ ಏರಿಗೇ ತಗೊಂಡು ಹೋಗಬೇಕು. ನೀನು ಲಾಕ್ ಹಾಕಿ ಹತ್ತಿಸು, ನಾನು ದೂರ ನಿಂತು ಹಿಂದಿನ ಚಕ್ರ ಮಣ್ಣು ಎಸೀತಾ ಇದೆಯಾ ನೋಡ್ತೀನಿ. ಮೀಟರಲ್ಲಿ ಎಚ್ಚರಿಕೆ ಲೈಟ್ ಏನಾದ್ರೂ ಉಳೀತಾ ಅನ್ನೋದನ್ನೂ ನೋಡು.

– ಟೈಮಿಂಗ್ ಬೆಲ್ಟ್ ಅಂತ ಏನೋ ಕೇಳಿದೆ.

– ಒಳ್ಳೇ ಮಾತು ಕೇಳಿದೀಯ. ಆ 1.5 ಡೀಸೆಲ್ ಎಂಜಿನ್ ಬೆಲ್ಟಿನ ಮೇಲೆ ನಡೆಯೋದು. ಕಂಪನಿ ಹೇಳಿದ ಅವಧಿಗೆ ಬದಲಾಯಿಸದೆ ಬಿಟ್ಟು ಅದು ಹರಿದ್ರೆ ಪಿಸ್ಟನ್ನು ವಾಲ್ವಿಗೆ ಹೊಡೆದು ಎಂಜಿನ್ನೇ ಹೋಯ್ತು. ಬದಲಾಯಿಸಿದ ಬಿಲ್ ತೋರಿಸಲಿ. ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ, ಅಷ್ಟು ದುಡ್ಡು ರೇಟಲ್ಲಿ ಮುರೀಬೇಕು. ಕ್ಲಚ್ಚೂ ಅಷ್ಟೇ. ಮೂರನೇ ಗೇರಲ್ಲಿ ಏರಲ್ಲಿ ಗ್ಯಾಸ್ ಕೊಟ್ಟಾಗ ಎಂಜಿನ್ ಬೊಬ್ಬೆ ಹಾಕಿ ಗಾಡಿ ಮುಂದೆ ಹೋಗದಿದ್ರೆ ಕ್ಲಚ್ ಮುಗಿದಿದೆ. ಆ ಕೆಲಸ ಅಗ್ಗ ಇಲ್ಲ. ಈಗ ನಾನು ಗಾಡಿ ಕೆಳಗೆ ನೋಡೋ ಮೊದಲ ವಸ್ತು ಹೇಳ್ತೀನಿ. ಹಿಂದಿನ ಹೌಸಿಂಗಿನ ಎಣ್ಣೆ ಬೋಲ್ಟು. ಮಾಲೀಕರ ಒಪ್ಪಿಗೆ ಕೇಳಿ ಫಿಲ್ಲರ್ ಬಿಚ್ಚಿಸು, ಕಿರುಬೆರಳು ಅದ್ದಿ ತೆಗೆ. ಕಪ್ಪಾಗಿ ಇಲ್ಲಾ ಕಂದಾಗಿ ಇದ್ರೆ ಸರಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ರೆ ಒಳಗೆ ನೀರು ಹೋಗಿದೆ.

– ಮುಚ್ಚಿರೋ ಹೌಸಿಂಗ್ ಒಳಗೆ ನೀರು ಹೇಗೆ ಹೋಗುತ್ತೆ?

– ಮೇಲೊಂದು ಬ್ರೀದರ್ ಇರುತ್ತೆ, ಉಸಿರಾಡೋಕೆ. ಗಾಡಿ ಓಡಿ ಓಡಿ ಹೌಸಿಂಗ್ ಕಾದಿರುತ್ತೆ. ಹಾಗೇ ಹೊಳೆಗಿಳಿಸಿದ್ರೆ ತಟ್ಟಂತ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಕೆಟ್ಟಿದ್ರೆ ಸೀಲಿನ ಸಂದಿಯಲ್ಲಿ ನೀರು ಎಳ್ಕೊಳ್ಳುತ್ತೆ. ಆ ನೀರಲ್ಲಿ ಬೇರಿಂಗ್ ತುಕ್ಕು ಹಿಡಿದು ಊಳಿಡೋಕೆ ಶುರು. ಅದನ್ನ ತಡೆಯೋಕೆ ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿ ಎತ್ತರಕ್ಕೆ ಏರಿಸಿ ಕಟ್ಟಿದ್ರೆ ಸಾಕು, ಕೆಲವು ನೂರು ರೂಪಾಯಿ ಕೆಲಸ. ಅದನ್ನ ಯಾರೂ ಮಾಡಿಸೋದಿಲ್ಲ, ಹೊರಗೆ ಕಾಣೋದಿಲ್ಲವಲ್ಲ! ಸ್ನಾರ್ಕೆಲ್ ಹಾಕಿಸ್ತಾರೆ. ಏರ್ ಫಿಲ್ಟರ್ ಡಬ್ಬಿಯ ಸಂದಿ ಮುಚ್ಚದೆ ಸ್ನಾರ್ಕೆಲ್ ಹಾಕಿದ್ರೆ ಅದು ಬರೀ ಶೋಕಿ. ನೀರು ಡಬ್ಬಿಯ ಸಂದಿಯಿಂದಲೇ ಒಳಗೆ ಹೋಗುತ್ತೆ, ಸಿಲಿಂಡರಿಗೆ ಹೋಯ್ತೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ನಿನ್ನ ದಾರಿಯ ಹಳ್ಳದಲ್ಲಿ ಮೊಣಕಾಲು ನೀರು. ಜಾಸ್ತಿ ಬಂದ ದಿನ ಮನೇಲಿರು.

– ಹಾಗಾದ್ರೆ ನನ್ನ ಬಜೆಟಲ್ಲಿ ಏನೂ ಮಾಡಿಸೋ ಹಾಗಿಲ್ವಾ? ನನಗೂ ಒಂಚೂರು ಆಸೆ ಇದೆ ಮಾವ. ಮೂರು ವರ್ಷ ಬೆಂಗಳೂರಲ್ಲಿ ಬಿಳೀ ಕಾರಲ್ಲಿ ಸಿಗ್ನಲ್ ಕಾದಿದೀನಿ.

– ಮಾಡಿಸು, ಯಾರು ಬೇಡ ಅಂದ್ರು? ಮೊದಲು ಲೆಕ್ಕ ಹಾಕು. ಗಾಡಿ ನಾಲ್ಕರೊಳಗೆ ಮುಗೀಬೇಕು. ನಾಲ್ಕೂವರೆ ಹೇಳಿದ್ದನ್ನ ಟೈರು, ಬೆಲ್ಟು ತೋರಿಸಿ ಇಳಿಸೋದು ನನಗೆ ಬಿಡು. ಹೆಸರು ಬದಲಾಯಿಸೋಕೆ, ಇನ್ಶೂರೆನ್ಸಿಗೆ ಒಂದಿಷ್ಟು. ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸ್ ನಿನ್ನ ಹೆಸರಿಗೆ ಮಾಡಿಸು, ಆರ್‌ಸಿ ಬಂದ ಮೇಲೆ ಅಂತ ಕೂರಬೇಡ. ಉಳಿದಿದ್ದರಲ್ಲಿ ಎಲ್ಲಾ ಎಣ್ಣೆ, ಬೆಲ್ಟು, ಬ್ರೇಕ್ ಪ್ಯಾಡು, ಸವೆದ ಬುಷ್ಷು, ಶಾಕ್ ಅಬ್ಸಾರ್ಬರು. ಅಷ್ಟಾಯ್ತು ಅಂದ್ರೆ ಗಾಡಿ ಕಂಪನಿಯಿಂದ ಬಂದ ಹಾಗಿರುತ್ತೆ. ಹತ್ತು ವರ್ಷದ ಗಾಡಿಗೆ ಅದಕ್ಕಿಂತ ದೊಡ್ಡ ಮಾಡಿಫಿಕೇಶನ್ ಇಲ್ಲ, ನನ್ನ ಮಾತು ಕೇಳು. ಆಮೇಲೆ ಟೈರು.

– ದೊಡ್ಡದು ಹಾಕಿಸ್ತೀನಿ.

– ಯಾಕೆ?

– ನೋಡೋಕೂ ಚೆನ್ನಾಗಿರುತ್ತೆ, ಎತ್ತರವೂ ಆಗುತ್ತೆ.

– ಜಿಪ್ಸಿಯವರು 205/70 ತೆಗೆದು 235/75 ಹಾಕ್ತಾರಲ್ಲ, ಲೆಕ್ಕ ಹಾಕಿ ನೋಡು. ಮೊದಲಿನದರ ಒಟ್ಟು ಎತ್ತರ 668 ಮಿಲಿಮೀಟರ್, ಹೊಸದು 733ರ ಮೇಲೆ. ಹೌಸಿಂಗ್ ಮೂರು ಸೆಂಟಿಮೀಟರ್ ಚಿಲ್ಲರೆ ಮೇಲೆ ಬಂತು, ಅದು ಲಾಭ. ಆದ್ರೆ ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿರುತ್ತೆ. ಪ್ರತಿ ಗೇರೂ ಸುಮಾರು ಹತ್ತರಲ್ಲೊಂದು ಭಾಗ ಎಳೆತ ಕಳ್ಕೊಳ್ಳುತ್ತೆ, ಏರಲ್ಲಿ ಮೊದಲನೇ ಗೇರೂ ಎರಡನೇದರ ಥರ ಆಡುತ್ತೆ. ಬ್ರೇಕಿಗೆ ಜಾಸ್ತಿ ಭಾರ, ಸ್ಟೇರಿಂಗ್ ತಿರುಗಿಸಿದ್ರೆ ಒಳಗೆ ಉಜ್ಜುತ್ತೆ. ಲೋ ಇಲ್ಲದ ಡಸ್ಟರಲ್ಲಿ ಇರೋ ಆ ಒಂದು ನಿಧಾನದ ಗೇರನ್ನ ಕೈಯಾರೆ ಹಾಳುಮಾಡ್ಕೊಂಡ ಹಾಗೆ. 215/65, 16 ಇಂಚು, ಕಂಪನಿ ಸೈಜೇ ಹಾಕಿಸು. ಜಾತಿ ಮಾತ್ರ ಬದಲಾಯಿಸು.

– ಆಲ್ ಟೆರೇನ್ ಎಟಿನಾ, ಮಡ್ ಟೆರೇನ್ ಎಂಟಿನಾ?

– ಎಟಿ. ಎಂಟಿಯ ದಪ್ಪ ಗುಬುಟು ಜೇಡಿಮಣ್ಣನ್ನ ಎಸೆದು ಎಸೆದು ತನ್ನನ್ನ ಚೊಕ್ಕ ಮಾಡ್ಕೊಳ್ಳುತ್ತೆ, ಕೆಸರಲ್ಲಿ ಅದಕ್ಕೆ ಸಾಟಿ ಇಲ್ಲ. ಅದೇ ಗುಬುಟು ಒದ್ದೆ ಡಾಂಬರಲ್ಲಿ ನೆಲ ಮುಟ್ಟೋದು ಕಮ್ಮಿ. ಘಾಟಿಯಲ್ಲಿ ಬ್ರೇಕ್ ಹೊಡೆದ್ರೆ ನಿಲ್ಲೋಕೆ ದೂರ ಬೇಕು, ಮೇಲೆ ಲಾರಿ ಬಂದ ಹಾಗೆ ಸದ್ದು. ಅಗಲದ ಟೈರೇ ಒಳ್ಳೇದು ಅನ್ನೋದೂ ಸುಳ್ಳು. ನಮ್ಮ ಜೀಪುಗಳದ್ದು 6.00-16, ಕೈಯಗಲದ ಟೈರು. ಮೇಲಿನ ಕೆಸರು ಕೊಯ್ದು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ, ಅಗಲದ್ದು ಮೇಲೇ ಜಾರುತ್ತೆ. ಇನ್ನು ಎಡಬ್ಲ್ಯೂಡಿಗೆ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಸಮ ಸವೆದದ್ದಿರಬೇಕು. ಎರಡು ಹೊಸದು ಎರಡು ಹಳೇದು ಹಾಕಿದ್ರೆ ಸುತ್ತಳತೆ ಬೇರೆ ಬೇರೆ ಆಗಿ, ಚಕ್ರ ಜಾರ್ತಾ ಇದೆ ಅಂತ ಗಾಡಿ ತಿಳ್ಕೊಂಡು ಕಪ್ಲಿಂಗ್ ಸುಮ್ಮನೆ ದುಡೀತಾ ಇರುತ್ತೆ. ಮಾರೋರು ದುಡ್ಡು ಉಳಿಸೋದು ಅಲ್ಲೇ, ಅದನ್ನೂ ನೋಡು. ಟೈರಿನ ಪಕ್ಕೆ ಮೇಲೆ ನಾಲ್ಕಂಕಿ ಇರುತ್ತೆ. 2319 ಅಂತ ಇದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು. ಗುಬುಟು ಇದ್ರೂ ರಬ್ಬರ್ ಕಲ್ಲಾಗಿರುತ್ತೆ, ಬೇಡ.

– ಹಳೇ ಟೈರಲ್ಲೇ ಒಂದು ಮಳೆಗಾಲ ದೂಡಬಹುದಾ?

– ಗಾಳಿ ಇಳಿಸಿ ದೂಡಬಹುದು. ಏರಿನ ಬುಡದಲ್ಲಿ ಮೂವತ್ತು ಪಿಎಸ್‌ಐ ಇದ್ದಿದ್ದನ್ನ ಇಪ್ಪತ್ತರ ಹತ್ರ ತಂದ್ರೆ ಟೈರು ಹರಡಿ ಕೂರುತ್ತೆ, ಅದೇ ಟೈರು ಬೇರೆಯದೇ ಥರ ಹಿಡಿಯುತ್ತೆ. ಮೇಲೆ ಹತ್ತಿ ಮತ್ತೆ ತುಂಬಬೇಕು, ಹಾಗೇ ಟಾರಿಗೆ ಹೋದ್ರೆ ಟೈರ್ ಬಿಸಿಯಾಗಿ ಒಡೆಯುತ್ತೆ. ಸಿಗರೇಟ್ ಸಾಕೆಟಿನ ಪಂಪು ಸಾಕು, ಎರಡು ಮೂರು ಸಾವಿರಕ್ಕೆ ಸಿಗುತ್ತೆ. ನಿನ್ನ ಆಸೆಯ ಸಾಮಾನಲ್ಲಿ ಮೊದಲು ತಗೋಬೇಕಾದ್ದು ಅದು. ಆಮೇಲೆ ಕೆಳಗೆ ಎಂಜಿನ್ ಚೇಂಬರಿಗೆ ತಾಗದ ಹಾಗೆ ಒಂದು ದಪ್ಪ ತಗಡಿನ ಗಾರ್ಡು. ಒಳ್ಳೇ ವೆಲ್ಡರ್ ಕೈಲಿ ಮಾಡಿಸು, ಎಣ್ಣೆ ಬಿಡೋಕೆ ತೂತು ಬಿಡಿಸು.

– ಹೈಟ್ ಏರಿಸೋದು?

– ಬೇಡ. ಅದರ ನೆಲದ ಎತ್ತರ 210 ಇದೆ, ಜಿಪ್ಸಿಯದ್ದೂ ಅಷ್ಟೇ. ಏರಿಸಿದ್ರೆ ಶಾಫ್ಟಿನ ಕೋನ ಕೆಟ್ಟು ಜಾಯಿಂಟ್ ತಿನ್ನುತ್ತೆ, ಗಾಡಿ ತಲೆಭಾರ ಆಗುತ್ತೆ. ಎದ್ದು ನಿಂತ ಗಾಡಿ ಘಾಟಿ ತಿರುವಲ್ಲಿ ಓಲಾಡಿದಾಗ ನಿಮ್ಮಮ್ಮ ನನಗೆ ಬೈತಾಳೆ, ನಿನಗಲ್ಲ.

– ವಿಂಚ್ ಕೇಳೋದೇ ಇಲ್ಲ ಬಿಡಿ.

– ಮರ ಎಳೆಯೋ ಕೈ ವಿಂಚ್ ನಮ್ಮನೆ ಕೊಟ್ಟಿಗೇಲಿ ತೂಗಾಡ್ತಾ ಇದೆ, ಬೇಕಾದಾಗ ತಗೊಂಡು ಹೋಗು. ಒಂದು ಒಳ್ಳೇ ಪಟ್ಟಿ, ಎರಡು ಡಿ ಶಾಕಲ್ ಇಟ್ಕೋ. ಎಳೆಯುವಾಗ ಗಾಡಿಯ ಟೋಯಿಂಗ್ ಕೊಂಡಿಗೇ ಸಿಕ್ಕಿಸು. ಬಂಪರಿಗೆ, ಎಲ್ಲೋ ಕಂಡ ಕಂಬಿಗೆ ಕಟ್ಟಬೇಡ. ಎಳೆಯೋ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸು, ಹರಿದ್ರೆ ಹಾರದೆ ನೆಲಕ್ಕೆ ಬೀಳಲಿ. ಮತ್ತೆ ಆ ಹಗ್ಗದ ಗೆರೇಲಿ ಯಾರನ್ನೂ ನಿಲ್ಲಿಸಬೇಡ, ಮುಖ್ಯವಾಗಿ ಸಲಹೆ ಕೊಡೋ ಗಂಡಸರನ್ನ. ಹೂತಲ್ಲಿ ಅವರು ಎಲ್ಲಿಂದಲೋ ಬಂದುಬಿಡ್ತಾರೆ.

– ನಿಮ್ಮನ್ನೂ?

– ನನ್ನನ್ನ ಮೊದಲು.

– ಒಂದು ಮಾತು ಹೇಳಲಾ ಮಾವ? ನೀವು ಹೇಳಿದ್ದೆಲ್ಲ ಸರಿ. ಆದ್ರೆ ಆ ಕಪ್ಲಿಂಗ್ ಹೋದ್ರೆ, ಸೆನ್ಸರ್ ಹೋದ್ರೆ ಮೂಡಿಗೆರೆಯಲ್ಲಿ ಯಾರು ನೋಡ್ತಾರೆ? ಡಸ್ಟರ್ ಡೀಸೆಲ್ 2020ರಲ್ಲೇ ನಿಂತಿದೆ. ಜಿಪ್ಸಿಗಾದ್ರೆ ಒಂದು ಸ್ಪಾನರ್ ಸೆಟ್ಟು ಸಾಕು. ಅದನ್ನ ನಾನೇ ಕಲೀಬಹುದು.

– ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದು ನಿಜವಾದ ತೂಕದ ಮಾತು. ಎಡಬ್ಲ್ಯೂಡಿಯ ಹಿಂಭಾಗದ ಸಾಮಾನು ಮಾಮೂಲಿ ಡಸ್ಟರಿಂದು ಬರೋದಿಲ್ಲ, ಹಿಂದಿನ ಸಸ್ಪೆನ್ಷನ್ನೇ ಬೇರೆ. ಮಂಗಳೂರಿಗೋ ಬೆಂಗಳೂರಿಗೋ ಬರೆದು ತರಿಸಬೇಕು. ಅದಕ್ಕೇ ನಾಲ್ಕರೊಳಗೆ ಗಾಡಿ ಮುಗಿಸಿ, ರಿಪೇರಿ ಆದ ಮೇಲೆ ಉಳಿದಿದ್ದನ್ನ ಗಂಟು ಕಟ್ಟಿ ಮುಟ್ಟದೆ ಇಡು ಅಂತ ನಾನು ಅಂದುಕೊಂಡಿದ್ದು. ಆ ಗಂಟು ಕರಗಿತು ಅಂದ್ರೆ ಟು ವೀಲಲ್ಲಿ ಓಡಿಸು, ಆಗ ಚೈನ್ ಕಟ್ಟೋದು ಹೇಗೆ ಅಂತ ನಾನು ಹೇಳಿಕೊಡ್ತೀನಿ.

– ಮುಂದಿನ ಚಕ್ರ ಎಳೆಯೋ ಗಾಡಿಗೆ ಮುಂದೆ ಕಟ್ಟಬೇಕು, ಹಿಂದೆ ಅಲ್ಲ.

– ನೋಡ್ದೆಯಾ, ಅಷ್ಟು ಗೊತ್ತಿದ್ರೆ ಸಾಕು. ಜಿಪ್ಸಿಯೇ ಬೇಕು ಅಂತ ಮನಸ್ಸಿದ್ರೆ 2015ರ ಈಚಿನದು, ಬಂಪರ್ ಲೈಟು ಏನೂ ಇಲ್ಲದ್ದು, ಯಾರೋ ತೋಟದವರು ಸಾಮಾನು ಸಾಗಿಸೋಕೆ ಇಟ್ಟಿದ್ದು ಸಿಕ್ಕೀತು, ಅದನ್ನೂ ನೋಡೋಣ. ಅಮ್ಮನ್ನ ಬಸ್ಸಲ್ಲಿ ಕಳಿಸಬೇಕಾಗುತ್ತೆ ಅಷ್ಟೇ.

– ಬೇಡ. ಡಸ್ಟರೇ ನೋಡೋಣ. ನಾಳೆ ಹೋಗೋಣ್ವಾ? ಮಳೆ ಇದೆ.

– ಮಳೆ ಇದ್ರೇ ಒಳ್ಳೇದು, ಒಳಗೆ ಎಲ್ಲಿ ಸೋರುತ್ತೆ ಅಂತಲೂ ಕಾಣುತ್ತೆ. ಈಗಲೇ ಫೋನ್ ಮಾಡಿ ಅವರಿಗೆ ಒಂದು ಮಾತು ಹೇಳು, ಬೆಳಗ್ಗೆ ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ. ಬಾನೆಟ್ ಮೇಲೆ ನಾನು ಕೈ ಇಡುವಾಗ ಅದು ತಣ್ಣಗಿರಬೇಕು. ಬೆಚ್ಚಗಿದ್ರೆ ತಣ್ಣಗಿರುವಾಗ ಸ್ಟಾರ್ಟ್ ಆಗೋದಿಲ್ಲ ಅಂತ ಅರ್ಥ, ಅಲ್ಲಿಂದಲೇ ಇಪ್ಪತ್ತು ಸಾವಿರ ಇಳಿಸಿ ಮಾತು ಶುರು ಮಾಡ್ತೀನಿ.